ಚೀಲದ ಹಿಂದೆ ಹೋಗುವ ಹುಲುಗಮ್ಮ

ಕಮಲಾಪುರದಲ್ಲಿ ನಾನು ಗೊಬ್ಬರದ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಹೋದ ಮಳೆಗಾಲ, ಗೊಬ್ಬರವನ್ನೇ ಕೊಳ್ಳದ ಹೆಂಗಸೊಬ್ಬಳು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಯಾರಿಗೆ ಎಷ್ಟು ಚೀಲ ಹೋಯಿತು ಎಂಬುದು ಎರಡೇ ದಿನದಲ್ಲಿ ನನಗಿಂತ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಆಕೆ ಹುಲುಗಮ್ಮ. ಊರಾಚೆಯ ಸಣ್ಣ ಕೆರೆಯಲ್ಲಿ ಮೀನು ಸಾಕುವ ಸಂಘದ ಮುಖ್ಯಸ್ಥೆ. ಸಂಘವೆಂದರೆ ಏಳು ಮನೆ, ಮೂರು ಹರಿಗೋಲು, ಮತ್ತು ಆಕೆಯ ಗಂಟಲು. ಅದರ ಹಿಂದಿನ ವರ್ಷ ಒಂದು ನಸುಕಿನಲ್ಲಿ ಕೆರೆಯ ಮೀನುಗಳೆಲ್ಲ ಬಾಯಿ ಮೇಲೆತ್ತಿ ಗಾಳಿಗೆ ಬಡಿದಾಡಿ, ಹೊತ್ತೇರುವಷ್ಟರಲ್ಲಿ ಸತ್ತು ತೇಲಿದ್ದವು. ಯಾರೋ ವಿಷ ಹಾಕಿದರೆಂದು ಊರು ಮಾತಾಡಿತು. ನೋಡಲು ಬಂದ ಮೀನುಗಾರಿಕೆ ಅಧಿಕಾರಿ ಬೇರೆಯೇ ಹೇಳಿದರು: ಮೇಲಿನ ಗದ್ದೆಗಳಿಂದ ಗೊಬ್ಬರದ ನೀರು ಇಳಿದು ಪಾಚಿ ಹೆಚ್ಚಿದೆ, ಆ ಪಾಚಿಯೇ ರಾತ್ರಿಯೆಲ್ಲ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಸತ್ತು ಕೊಳೆಯುವಾಗ ಇನ್ನಷ್ಟು. ನದಿಗಳು ಸೇರುವ ಕಡೆ ಸಮುದ್ರದಲ್ಲೂ ಹೀಗೆ ಉಸಿರಿಲ್ಲದ ಜಾಗಗಳು ಬೆಳೆಯುತ್ತಿವೆ ಎಂದರು.

“ಸಮುದ್ರದ ಚಿಂತಿ ಮಾಡಾಕ ನಿಮ್ಮಂಥೋರು ಅದಾರ್ರಿ ಸಾಹೇಬ್ರ,” ಅಂದಳು ಹುಲುಗಮ್ಮ. “ಈ ಕೆರಿಗೆ ನಾನೊಬ್ಬಾಕಿ.”

ಈ ಸಲ ಮತ್ತೆ ಮೀನುಮರಿ ಬಿಟ್ಟಿದ್ದರು. ಇವೂ ಸತ್ತರೆ ಕೆರೆಯ ಸಹವಾಸ ಸಾಕೆಂದು ಉಳಿದ ಆರು ಮನೆಯವರು ಹೇಳಿಬಿಟ್ಟಿದ್ದರು.

ನಮ್ಮ ಕಡೆ ಒಂದು ಚಾಳಿಯಿದೆ. ಭತ್ತಕ್ಕೆ ಯೂರಿಯಾ ಎರಚಿದ ಮರುದಿನವೇ ಕಾಲುವೆ ನೀರಿನ ಸರದಿ ಬಂದರೂ ಸರಿ, ಬದುವಿಗೆ ಗಂಡಿ ಹೊಡೆದು ನಿಂತ ನೀರನ್ನು ಹೊರಗೆ ಬಿಟ್ಟು ಹೊಸ ನೀರು ಕಟ್ಟುತ್ತಾರೆ. ಯೂರಿಯಾ ಕೆರೆಗೆ ಹೋಗುತ್ತದೆ. ಪೈರು ಹಳದಿಯಾದಾಗ ರೈತ ನನ್ನಲ್ಲಿಗೆ ಬರುತ್ತಾನೆ. ಈ ಚಾಳಿಯನ್ನು ನೀನೇಕೆ ತಿದ್ದಲಿಲ್ಲ ಎಂದು ನನ್ನನ್ನು ಕೇಳಬೇಡಿ.

ಹುಲುಗಮ್ಮನ ಉಪಾಯ ಸರಳ. ಯಾರ ಟ್ರ್ಯಾಕ್ಟರಿಗೆ ಚೀಲ ಏರಿತೋ ಅವರ ಹಿಂದೆ ಹೋಗುವುದು. ಯೂರಿಯಾ ಮಣ್ಣಿಗೆ ಹಿಡಿಯುವ ತನಕ, ಅಂದರೆ ಐದು ದಿನ, ಅವರ ಬದುವಿನ ಮೇಲೆ ನಡೆದು, ಗಂಡಿ ಕಂಡಲ್ಲಿ ಕೆಸರು ಮೆತ್ತಿ ಮುಚ್ಚುವುದು. ಬೈದರೆ ಬೈಸಿಕೊಂಡು ಅದರ ಎರಡರಷ್ಟು ತಿರುಗಿ ಕೊಡುವುದು.

ಹೆಚ್ಚಿನವರು ಬಗ್ಗಿದರು. ಕೆರೆಗೆ ತಾಗಿಯೇ ಎಂಟು ಎಕರೆ ಇರುವ ಮರುಳಸಿದ್ದಪ್ಪನವರು ಬಗ್ಗಲಿಲ್ಲ. ನನ್ನ ಅಂಗಡಿಯಲ್ಲೇ ಜಗಳ.

“ನನ್ನ ಗದ್ದಿ, ನನ್ನ ನೀರು. ನಡುವ ನಿಂದೇನೈತಿ?”

“ನೀರು ನಿಮ್ದ ಗೌಡ್ರ, ಅದರಾಗಿನ ಯೂರಿಯಾನೂ ನಿಮ್ದ. ನಿಮ್ಮ ಸಾಮಾನು ನನ್ನ ಕೆರ್ಯಾಗ ಯಾಕ ಇಡ್ತೀರಿ?”

“ಮೀನಿಗೂ ಒಂಚೂರು ಗೊಬ್ಬರ ಬಿದ್ರ ದಪ್ಪ ಆಗ್ತಾವ, ಬಿಡು.”

“ಹಂಗಾದ್ರ ನೀವೂ ಒಂದು ಬೊಗಸಿ ತಿನ್ರಿ. ಭಾಳ ಸೊರಗೀರಿ.”

ಮರುಳಸಿದ್ದಪ್ಪನವರದು ನನ್ನ ಕುರ್ಚಿಯಲ್ಲಿ ಹಿಡಿಸುವ ಮೈಯಲ್ಲ. ನಾನು ಚೀಲಗಳ ಮರೆಗೆ ಹೋಗಿ ನಕ್ಕು ಬಂದೆ.

ಮುಂದಿನ ವಾರ ಅವರು ಹುಲುಗಮ್ಮ ಊಟಕ್ಕೆ ಎದ್ದ ಹೊತ್ತು ನೋಡಿ ಬಂದು ಹತ್ತು ಚೀಲ ಏರಿಸಿದರು. “ಆಕಿಗೆ ಹೇಳಬ್ಯಾಡ್ರಿ ಸಾವ್ಕಾರ್ರ.” ಹೇಳುವುದಿಲ್ಲ ಎಂದೆ. ಆದರೆ ನಾಲ್ಕು ದಿನದಿಂದ ಮೋಡ ಮುಚ್ಚಿತ್ತು. ಬಿಸಿಲಿಲ್ಲದಿದ್ದರೆ ಪಾಚಿ ಹಗಲಲ್ಲೂ ಆಮ್ಲಜನಕ ಎಳೆಯುತ್ತದೆ, ಕೆರೆಗೆ ಇನ್ನೂ ಅಪಾಯವೆಂದು ಅಧಿಕಾರಿ ಹೇಳಿದ್ದರು. ಟ್ರ್ಯಾಕ್ಟರ್ ತಿರುವು ದಾಟುವ ಮೊದಲೇ ಹುಲುಗಮ್ಮನಿಗೆ ಫೋನು ಮಾಡಿದೆ. ಗಿರಾಕಿಗೆ ಕೊಟ್ಟ ಮಾತು ಮುರಿದದ್ದು ಅದೇ ಮೊದಲು, ನೀವು ನಂಬಲೇಬೇಕೆಂದಿಲ್ಲ.

ಮರುದಿನ ಸಂಜೆ ಯೂರಿಯಾ ಎರಚಿದರು. ಅದರ ಮರುದಿನ ಮರುಳಸಿದ್ದಪ್ಪನವರು ಸಲಿಕೆ ಹಿಡಿದು ಬಂದರೆ, ಗಂಡಿ ಹೊಡೆಯುವ ಜಾಗದಲ್ಲೇ ಹುಲುಗಮ್ಮ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಆರು ಮನೆಯ ಹೆಂಗಸರು, ರೊಟ್ಟಿಬುತ್ತಿ ಸಮೇತ.

“ಏಳು.”

“ಐದು ದಿನ ಆದಮ್ಯಾಗ ಏಳ್ತೀನಿ. ನೀವೂ ಕುಂದ್ರಿ, ಬುತ್ತಿ ಬಿಚ್ಚೀವಿ.”

ಅವರು ಸಲಿಕೆ ಬೀಸುವ ಹಾಗಿಲ್ಲ, ಹೆಂಗಸರನ್ನು ಮುಟ್ಟಿ ಎಬ್ಬಿಸುವ ಹಾಗೂ ಇಲ್ಲ. ಹೆಂಗಸರು ಸರದಿಯ ಮೇಲೆ ಐದು ದಿನ ಕಾದರು. ನಿಂತ ನೀರಿನಲ್ಲೇ ಪೈರು ಕಡುಹಸಿರಾಯಿತು. ಅದನ್ನು ಮರುಳಸಿದ್ದಪ್ಪನವರು ಈಗಲೂ ಒಪ್ಪುವುದಿಲ್ಲ. ಮುಂದಿನ ಸಲಕ್ಕೆ ಮಾತ್ರ ಆರೇ ಚೀಲ ಒಯ್ದರು.

ಐದು ದಿನದ ಆ ಕಾವಲು ಮುಗಿದ ಮರುದಿನ ನಸುಕಿಗೆ ಹುಲುಗಮ್ಮ ನನ್ನನ್ನೂ ಹರಿಗೋಲಿನಲ್ಲಿ ಕೂರಿಸಿಕೊಂಡು ಕೆರೆಯ ನಡುವಿಗೆ ಹೋದಳು. ಮೋಡ ಇನ್ನೂ ಹರಿದಿರಲಿಲ್ಲ. ನೀರಿನ ಮೇಲೆ ಒಂದೂ ಮೀನಿಲ್ಲ. ನಾನು ಅಂಚಿಗೆ ಬಗ್ಗಿ ನೀರೊಳಗೆ ನೋಡಿದೆ.

“ಎಲ್ಲಿ ಹೋದವು?”

“ಕೆಳಗ ಅದಾವ್ರಿ. ಉಸಿರು ಸಾಲದಿದ್ರ ಮ್ಯಾಲ ಬರ್ತಿದ್ವು.”

ನಂಬದವಳಂತೆ ಆಕೆ ಕೆರೆಯ ಅಂಚಿನುದ್ದಕ್ಕೂ ಮತ್ತೊಂದು ಸುತ್ತು ಹಾಕಿದಳು. ಹೊತ್ತು ಮೂಡಿತು. ಆಮೇಲೆ ಹರಿಗೋಲನ್ನು ದಡಕ್ಕೆ ತಿರುಗಿಸಿದಳು.

“ಜಲ್ದಿ ಅಂಗಡಿ ತೆಗೀರಿ ಸಾವ್ಕಾರ್ರ. ಮ್ಯಾಲಿನ ಗದ್ದಿ ಗುಡ್ಡಪ್ಪ ಇವತ್ತ ಚೀಲ ಒಯ್ತಾನಂತ.”