ಮಲಗಿ ನೋಡಿದ ರಸ್ತೆ

ನರಗುಂದದ ನಮ್ಮ ಓಣಿಯಲ್ಲಿ ಮುನಸಿಪಾಲಿಟಿ ಮೆಂಬರರೊಬ್ಬರಿದ್ದರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ರಸ್ತೆಗೆ ಗರಸು ಮಣ್ಣು ಹಾಕಿಸಿದಾಗಲೆಲ್ಲ ತಮ್ಮ ಮನೆಯ ಕಟ್ಟೆಯಿಂದಲೇ ಚಕ್ಕಡಿ ಹತ್ತಿ, ಬಿಳಿ ಧೋತರದಲ್ಲಿ ಬರಿಯ ಹಲಗೆಯ ಮೇಲೆ ಅಂಗಾತ ಮಲಗಿ ದವಾಖಾನೆಯವರೆಗೆ ಹೋಗುತ್ತಿದ್ದರು. ಜನ ನಕ್ಕರೆ, “ಕುಂತವರಿಗೆ ರಸ್ತಾ ತಿಳಿಯಂಗಿಲ್ರಿ, ಮಲಗಿದವರನ್ನ ಕೇಳಬೇಕು” ಎನ್ನುತ್ತಿದ್ದರು.

ಚೊಚ್ಚಿಲ ಹೆರಿಗೆಯ ನೋವು ಬಂದಾಗ ಮನೆಯವರು ನನ್ನನ್ನೂ ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೊರಟರು. ಕಾಕಾ ಅವರ ಮನೆಯ ಮುಂದೆ ಗಾಲಿ ಗಟಾರಕ್ಕಿಳಿಯಿತು, ನಾನು ಚೀರಿದೆ. ಅವರ ಕಟ್ಟೆಯೇ ರಸ್ತೆಗೆ ಚಾಚಿಕೊಂಡು ದಾರಿಯನ್ನು ಕಿರಿದು ಮಾಡಿತ್ತು. ಸಂಜೆಯೆಲ್ಲ ಅದರ ಮೇಲೆ ಕೂತು ಓಣಿಯವರನ್ನು ಮಾತಾಡಿಸುತ್ತಿದ್ದ ಕಾಕಾ, ಆ ಒಂದು ಮಾರು ದಾರಿಯನ್ನು ಮಾತ್ರ ಎಂದೂ ಮಲಗಿ ನೋಡಿರಲಿಲ್ಲ.

ಕೂಸಿನೊಂದಿಗೆ ಮರಳಿ ಬರುವಾಗ ಗಾಡಿ ಅಲ್ಲಿ ಕುಲುಕಲಿಲ್ಲ. ಕಟ್ಟೆ ಇರಲಿಲ್ಲ. ಕಾಕಾ ಬಾಗಿಲಲ್ಲಿ ನಿಂತಿದ್ದರು.

“ಈಗ ಹ್ಯಾಂಗ ಐತವಾ ರಸ್ತಾ?”

“ಚಲೋ ಆಗೇತ್ರಿ, ಕಾಕಾ.”

ಆಮೇಲೆ ಅವರು ಸಂಜೆಗಳನ್ನು ಬಾಗಿಲಲ್ಲಿ ನಿಂತೇ ಕಳೆದರು. ನಾನು ಹಾದಾಗಲೆಲ್ಲ ಅದೇ ಪ್ರಶ್ನೆ, ಅದೇ ಉತ್ತರ. ಈಗ ಅಲ್ಲಿ ಡಾಂಬರು ಬಿದ್ದಿದೆ. ಆ ಬಾಗಿಲ ಮುಂದೆ ಬಂದರೆ ಉತ್ತರ ಇನ್ನೂ ನಾಲಿಗೆಗೆ ಬರುತ್ತದೆ. ಕೇಳುವವರಿಲ್ಲ.