ಹದಿನಾಲ್ಕನೇ ಮನೆಯ ಬುಡಕ್ಕೆ ಹಸಿರು ಕೊಂಬೆ

ಬೆಳಗಿನ ಐದೂವರೆ. ಸಮುದ್ರದ ಕಡೆ ಇನ್ನೂ ಬೆಳಕು ಮೂಡಿಲ್ಲ. ಗಾಡಿಯಲ್ಲಿ ತಂದಿಳಿಸಿದ ಮನೆಗಳ ಟಕರ್ಸ್ ಕೋವ್ ಪಾರ್ಕಿನ ಹದಿನಾಲ್ಕನೇ ನಂಬರಿನ ಟ್ರೇಲರ್ ಮನೆಯ ಹಿಂಬದಿಯಲ್ಲಿ ವಿಲ್ಡಾ ಕ್ರೌಲಿ ಹಣೆಗೆ ದೀಪ ಕಟ್ಟಿಕೊಂಡು ಮಂಡಿಯೂರಿದ್ದಾರೆ. ಪಕ್ಕದಲ್ಲಿ ಅವರ ತುಕ್ಕು ಹಿಡಿದ ಪಿಕಪ್, ಅದರ ತುಂಬ ಫರ್ ಎಂಬ ಸೂಜಿಯೆಲೆಯ ಮರದ ಕೊಂಬೆ. ಒಂದೊಂದೇ ಕೊಂಬೆ ಎಳೆದು, ತುದಿ ಕೆಳಗೆ ಮಾಡಿ, ಮನೆಯ ಅಡಿಗೂ ನೆಲಕ್ಕೂ ನಡುವಿನ ಸಂದಿಗೆ ಒತ್ತುತ್ತಾರೆ. ಅದರ ಮೇಲೆ ಅರ್ಧ ಮುಚ್ಚುವಂತೆ ಇನ್ನೊಂದು. ಹುಲ್ಲಿನ ಮಾಡು ಹೊದಿಸುವವರು ಕೆಲಸ ಮಾಡುವುದು ಹೀಗೆಯೇ.

ಅವರ ಬಗ್ಗೆ ಬರೆಯಲು ಬಂದ ನಾನು ಟಾರ್ಚ್ ಹಿಡಿದು ನಿಂತಿದ್ದೇನೆ. ಕೈ ಮರಗಟ್ಟಿ ಬೆಳಕು ಅತ್ತಿತ್ತ ಅಲ್ಲಾಡಿದ್ದಕ್ಕೆ ಬೈಗುಳ ಬೀಳುತ್ತದೆ. "ಸಂದಿಗೆ ಹಿಡೀರಿ ಸಾರ್. ನನ್ನ ಮುಖ ನೋಡೋಕೆ ಬಂದ್ರಾ, ಕೆಲಸ ನೋಡೋಕೆ ಬಂದ್ರಾ?"

ಮೂಲೆ ಮುಗಿದ ಮೇಲೆ ವಿಲ್ಡಾ ಜೇಬಿನಿಂದ ಕೆಂಪು ರಿಬ್ಬನ್ನಿನ ಹೂವೊಂದನ್ನು ತೆಗೆದು ಮೇಲಿನ ಕೊಂಬೆಗೆ ಕಟ್ಟುತ್ತಾರೆ. ಅದು ಯಾಕೆಂದು ಆಮೇಲೆ ಹೇಳುತ್ತೇನೆ. ಹೇಳುವಾಗ ಸಿಟ್ಟು ಬರುತ್ತದೆ, ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಚಳಿಗಾಲಕ್ಕೆ ಮೊದಲು ಮನೆಯ ಬುಡ ಮುಚ್ಚುವುದು ಅಮೆರಿಕದ ಮೇಯ್ನ್ ರಾಜ್ಯದ ಈ ತುದಿಯಲ್ಲಿ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಕೊಂಬೆ ಗಾಳಿಯನ್ನು ತಡೆಯುತ್ತದೆ, ಬಿದ್ದ ಹಿಮವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ಹಿಮವೇ ಮನೆಗೆ ಕಂಬಳಿಯಾಗುತ್ತದೆ. ಟ್ರೇಲರ್ ಮನೆಗೆ ಇದು ಬೇಕೇ ಬೇಕು. ಅದು ಇಟ್ಟಿಗೆಗಳ ಮೇಲೆ ಕುಳಿತಿರುತ್ತದೆ, ನೆಲದಡಿಯಲ್ಲಿ ಗಾಳಿ ಬೀದಿನಾಯಿಯ ಹಾಗೆ ಓಡಾಡುತ್ತಿರುತ್ತದೆ. ಪಾರ್ಕಿನಲ್ಲಿ ನಲವತ್ಮೂರು ಮನೆಗಳಿವೆ. ಅದರಲ್ಲಿ ಮೂವತ್ತೊಂದರ ಬುಡ ಮುಚ್ಚುವವರು ವಿಲ್ಡಾ. ಒಂದೊಂದು ಮನೆಗೆ ಒಂದೂವರೆ ಗಾಡಿ ಕೊಂಬೆ, ಎರಡೂವರೆ ಗಂಟೆ ಕೆಲಸ. ಹದಿನಾಲ್ಕನೇ ಮನೆಗೆ ಮಾತ್ರ ಎರಡು ವರಸೆ: ನವೆಂಬರಿನಲ್ಲಿ ಒಂದು, ಡಿಸೆಂಬರಿನ ಮೊದಲ ವಾರ ಇನ್ನೊಂದು. ಕೂಲಿ ಎಂದು ಏನನ್ನೂ ತೆಗೆದುಕೊಳ್ಳುವುದಿಲ್ಲ. ಬೇಯಿಸಿದ ಬೀನ್ಸ್ ಕಾಳಿನ ಪಾತ್ರೆಯನ್ನೋ ಜಿಂಕೆ ಮಾಂಸದ ಪೊಟ್ಟಣವನ್ನೋ ಯಾರಾದರೂ ಗಾಡಿಯಲ್ಲಿ ಇಟ್ಟರೆ ಬೇಡ ಎನ್ನುವುದೂ ಇಲ್ಲ.

ಎಂಟು ಗಂಟೆಗೆ ಅವರ ಹೊಟ್ಟೆಪಾಡಿನ ಕೆಲಸ ಶುರು. ಊರಾಚೆಯ ಕಾರ್ಖಾನೆಯಲ್ಲಿ ಕ್ರಿಸ್ಮಸ್ ಹಾರ ಕಟ್ಟುತ್ತಾರೆ. ದೂರದ ನಗರಗಳ ದೊಡ್ಡ ಮನೆಗಳ ಬಾಗಿಲಿಗೆ ತೂಗುವ ದುಂಡು ಹಸಿರು ಹಾರಗಳು. ದಿನಕ್ಕೆ ನೂರಿಪ್ಪತ್ತು. ಐವತ್ತೊಂಬತ್ತರ ವಿಲ್ಡಾ ಅವರ ಬೆರಳುಗಳಲ್ಲಿ ಮೂವತ್ತು ವರ್ಷದ ತಂತಿಯ ಗೀರುಗಳಿವೆ. ಹಾರಕ್ಕೆ ಬೇಕಾದದ್ದು ಎಳೆಯ ತುದಿ ಮಾತ್ರ. ಉಳಿದ ಒರಟು ಕೊಂಬೆ ಕಾರ್ಖಾನೆಗೆ ಕಸ, ವಿಲ್ಡಾಗೆ ಬಂಡವಾಳ.

ಕೊಂಬೆ ಯಾವಾಗ ಬೇಕೋ ಆವಾಗ ಮುರಿಯುವ ಹಾಗಿಲ್ಲ. ನೆಲ ಬೆಳ್ಳಗಾಗುವಂಥ ಗಟ್ಟಿ ಚಳಿ ಮೂರು ಸಲ ಬೀಳಬೇಕು. ಆಮೇಲೆ ಮುರಿದರೆ ಸೂಜಿಯೆಲೆ ವಸಂತದವರೆಗೂ ಉದುರುವುದಿಲ್ಲ. ಮದುವೆಯಾಗಿ ಬಂದ ವರ್ಷ ಗಡಿಬಿಡಿ ಮಾಡಿ ಎರಡನೇ ಚಳಿಗೇ ಮುರಿದಿದ್ದನ್ನು ವಿಲ್ಡಾ ತಾವೇ ಹೇಳಿಕೊಂಡು ನಗುತ್ತಾರೆ. "ಕ್ರಿಸ್ಮಸ್ ಹೊತ್ಗೆ ಎಲೆ ಎಲ್ಲಾ ಉದುರಿ ಬರೀ ಕಡ್ಡಿ ಉಳೀತು. ನಮ್ಮತ್ತೆ ನೋಡಿ, ಏನಮ್ಮಾ, ಮನೆ ಸುತ್ತ ಪೊರಕೆ ನೆಟ್ಟಿದೀಯಾ ಅಂದ್ರು. ಸಾಯೋವರ್ಗೂ ನನ್ನ ಪೊರಕೆ ಸೊಸೆ ಅಂತಾನೇ ಕರೆದ್ರು."

ಇಷ್ಟೆಲ್ಲ ಪಾಡು ಯಾಕೆ, ಮನೆ ಬೆಚ್ಚಗಿಡುವ ಫರ್ನೇಸ್ ಸ್ವಲ್ಪ ಜೋರು ಮಾಡಿಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಅವರಿಗೆ ನೆಲಮಾಳಿಗೆ ಇರುತ್ತದೆ. ನೆಲಮಾಳಿಗೆಯಲ್ಲಿ ಟ್ಯಾಂಕ್ ಇಟ್ಟವನು ಅಗ್ಗದ ಎಣ್ಣೆ ಉರಿಸಬಹುದು. ಟ್ರೇಲರಿನ ಟ್ಯಾಂಕ್ ಹೊರಗೆ ಚಳಿಯಲ್ಲಿ ನಿಂತಿರುತ್ತದೆ. ಆ ಎಣ್ಣೆ ಅಲ್ಲಿ ಹೆಪ್ಪುಗಟ್ಟುತ್ತದೆ, ಹಾಗಾಗಿ ದುಬಾರಿ ಸೀಮೆಎಣ್ಣೆಯನ್ನೇ ಹಾಕಬೇಕು. ಅದೂ ನೂರು ಗ್ಯಾಲನ್‌ಗಿಂತ ಕಡಿಮೆ ಕೊಂಡರೆ ಟ್ಯಾಂಕರ್ ಪಾರ್ಕಿನೊಳಕ್ಕೆ ಬರುವುದೇ ಇಲ್ಲ. ನೂರಕ್ಕೆ ಗತಿಯಿಲ್ಲದವರು ನೀಲಿ ಕ್ಯಾನ್ ಹಿಡಿದು ಪೆಟ್ರೋಲ್ ಬಂಕಿನಲ್ಲಿ ಐದೈದು ಗ್ಯಾಲನ್ ತರುತ್ತಾರೆ, ಗ್ಯಾಲನ್ನಿಗೆ ಇನ್ನೂ ಹೆಚ್ಚು ಕೊಡುತ್ತಾರೆ. ಈ ರಾಜ್ಯದಲ್ಲಿ ಬಡವ ಚಳಿಗೂ ಬಡ್ಡಿ ಕಟ್ಟುತ್ತಾನೆ, ಯಾರಿಗೂ ನಾಚಿಕೆಯಾಗುವುದಿಲ್ಲ.

ಹದಿನಾಲ್ಕನೇ ಮನೆಯಲ್ಲಿರುವವರು ಹಾರ್ಲನ್ ಡೆನಿಸನ್ ಮತ್ತು ಅವರ ಹೆಂಡತಿ ಇನೆಜ್. ಹಾರ್ಲನ್‌ಗೆ ಎಂಬತ್ತೊಂದು. ಐವತ್ತು ವರ್ಷ ಏಡಿ ದೋಣಿಯಲ್ಲಿ ದುಡಿದ ಬೆರಳುಗಳು ಈಗ ಮಡಚಿಕೊಂಡೇ ಇರುತ್ತವೆ. ಇನೆಜ್‌ಗೆ ಪಾರ್ಶ್ವವಾಯು ಬಡಿದು ನಾಲ್ಕು ವರ್ಷವಾಯಿತು. ಎಡಗಾಲಿನಲ್ಲಿ ಸ್ಪರ್ಶವೇ ಇಲ್ಲ. ಬುಡ ಮುಚ್ಚಿದ್ದರೆ ಒಂದು ಟ್ಯಾಂಕ್ ಸೀಮೆಎಣ್ಣೆ ಏಳು ವಾರ ಬರುತ್ತದೆ, ಮುಚ್ಚದಿದ್ದರೆ ಐದೇ ವಾರ ಎಂದು ಹಾರ್ಲನ್ ಲೆಕ್ಕ ಕೊಡುತ್ತಾರೆ.

ಮುಚ್ಚದ ಲೆಕ್ಕ ಅವರಿಗೆ ಗೊತ್ತಾದದ್ದು ಹೋದ ವರ್ಷ. ಪಾರ್ಕನ್ನು ಮೂರು ರಾಜ್ಯಗಳಾಚೆಯ ಕಂಪನಿಯೊಂದು ಕೊಂಡುಕೊಂಡಿತ್ತು. ಡಿಸೆಂಬರಿನಲ್ಲಿ ಎಲ್ಲರಿಗೂ ಕಾಗದ ಬಂತು. ಮನೆಯ ಬುಡದ ಕೊಂಬೆ ನೋಡಲು ಅಸಹ್ಯವಾಗಿದೆ, ತೆಗೆಯಬೇಕು, ತಪ್ಪಿದರೆ ದಿನಕ್ಕೆ ಐವತ್ತು ಡಾಲರ್ ದಂಡ. ಬೇಕಾದವರು ಕಂಪನಿ ಒಪ್ಪಿದ ಬಿಳಿ ಪ್ಲಾಸ್ಟಿಕ್ ಹಲಗೆಯನ್ನು ಕೊಂಡು ಹಾಕಿಸಿಕೊಳ್ಳಬಹುದು. ಹಲಗೆಯ ಬೆಲೆ ಡೆನಿಸನ್ ದಂಪತಿಯ ಎರಡು ತಿಂಗಳ ಪಿಂಚಣಿಗಿಂತ ಹೆಚ್ಚು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬುದನ್ನು ನಿಯಮ ಮಾಡಿ, ಅದಕ್ಕೆ ದಂಡವನ್ನೂ ಇಟ್ಟವರನ್ನು ನಾನು ನೋಡಿದ್ದು ಅದೇ ಮೊದಲು.

ಹೆಚ್ಚಿನವರು ಕಾಗದವನ್ನು ಒಲೆಗೆ ಹಾಕಿದರು. ಹಾರ್ಲನ್ ಹಾಕಲಿಲ್ಲ. ಜೀವನದಲ್ಲಿ ಒಂದು ಏಡಿಯನ್ನೂ ಕಾನೂನಿನ ಅಳತೆ ಮೀರಿ ಹಿಡಿದವರಲ್ಲ ಅವರು. ಯಾರಿಗೂ ಹೇಳದೆ, ಆ ಮಡಚಿದ ಬೆರಳುಗಳಲ್ಲೇ ಎರಡು ದಿನ ಕೂತು ಕೊಂಬೆಗಳನ್ನೆಲ್ಲ ಕಿತ್ತು ರಾಶಿ ಹಾಕಿದರು. ಜನವರಿಯಲ್ಲಿ ನೆಲ ಕೊರೆಯತೊಡಗಿದಾಗ ಯಾವ ಗಂಡನಾದರೂ ಮಾಡುವ ಕೆಲಸವನ್ನೇ ಮಾಡಿದರು: ಸಣ್ಣದೊಂದು ಕರೆಂಟ್ ಹೀಟರ್ ತಂದು ಹೆಂಡತಿಯ ಕಾಲಬುಡದಲ್ಲಿಟ್ಟರು. ಹೊದಿಕೆ ಸರಿದು ಇನೆಜ್ ಅವರ ಎಡಗಾಲು ಅದಕ್ಕೆ ತಾಗಿಕೊಂಡಿತು. ಸ್ಪರ್ಶವಿಲ್ಲದ ಕಾಲು, ನೋವು ಗೊತ್ತಾಗಲಿಲ್ಲ. ಬೆಳಿಗ್ಗೆ ಹಾರ್ಲನ್‌ಗೆ ವಾಸನೆಯಿಂದ ಗೊತ್ತಾಯಿತು. ಐದು ವಾರ ಆಸ್ಪತ್ರೆ, ಕಾಲಿನ ಎರಡು ಬೆರಳು ಹೋದವು.

"ಕಾಗದ ಬಂದ್ರೆ ಕಾನೂನು ಅನ್ಕೊಂಡೆ," ಎನ್ನುತ್ತಾರೆ ಹಾರ್ಲನ್. ಕಿಟಕಿಯಿಂದ ಕಾಫಿ ಲೋಟ ಚಾಚಿ, ಕುಡಿಯಮ್ಮ ಆರಿಹೋಗುತ್ತೆ, ಎಂದು ವಿಲ್ಡಾ ಅವರನ್ನು ಕರೆಯುತ್ತಾರೆ.

ಕಂಪನಿಯ ಕಡೆಯಿಂದ ಯಾರೂ ಬರಲಿಲ್ಲ. ಕಾಗದವೂ ಬರಲಿಲ್ಲ. ಕ್ಷಮಿಸಿ ಎನ್ನುವುದಕ್ಕೆ ಅವರಲ್ಲಿ ನಮೂನೆ ಇರಲಿಲ್ಲವೋ ಏನೋ.

ಈ ನವೆಂಬರಿನಲ್ಲಿ ವಿಲ್ಡಾ ಮೊದಲು ಬುಡ ಮುಚ್ಚಿದ್ದು ಹದಿನಾಲ್ಕನೇ ಮನೆಗೆ. ಎರಡನೇ ವಾರವೇ ಮ್ಯಾನೇಜರ್ ಎನ್ನುವ ಹುಡುಗ ಬಂದು ಫೋಟೋ ತೆಗೆದು, ಬಾಗಿಲಿಗೆ ಎಚ್ಚರಿಕೆ ಚೀಟಿ ಅಂಟಿಸಿ ಹೋದ. ಅಂದು ಸಂಜೆ ವಿಲ್ಡಾ ಪಾರ್ಕಿನ ಮೂವತ್ತೆಂಟು ಪುಟದ ನಿಯಮಪುಸ್ತಕವನ್ನು ಊಟದ ಮೇಜಿನ ಮೇಲೆ ಹರಡಿ, ಮೊದಲಿನಿಂದ ಓದಿದರು. ಹತ್ತೊಂಬತ್ತನೇ ನಿಯಮ ಹೇಳುತ್ತದೆ: ಮನೆಯ ಹೊರಗೆ ಹಬ್ಬದ ಅಲಂಕಾರಕ್ಕೆ ಅವಕಾಶವಿದೆ. ಮರುದಿನ ಕಾರ್ಖಾನೆಯಲ್ಲಿ ತಿರಸ್ಕರಿಸಿದ ಕೆಂಪು ರಿಬ್ಬನ್ ಹೂಗಳ ಪೆಟ್ಟಿಗೆಯನ್ನು ಕೇಳಿ ತಂದರು. ತಿಂಗಳು ಮುಗಿಯುವುದರೊಳಗೆ ಮೂವತ್ತೊಂದು ಮನೆಗಳ ಬುಡದಲ್ಲೂ ಹೂ ಅರಳಿದವು. ಮ್ಯಾನೇಜರ್ ಮತ್ತೆ ಬಂದ, ನೋಡಿದ, ಪುಸ್ತಕ ತಿರುವಿದ, ಕಾರು ಹತ್ತಿದ.

ಊರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಇನೆಜ್ ಅವರ ಮಂಚದ ಬಳಿ ಹೋಗಿ ಕೂತೆ, ನಗು ಇಳಿಯಿತು. ಇದೇ ಮರದ ಇದೇ ಕೊಂಬೆ ಕಂಪನಿಯವರ ಬಾಗಿಲಿಗೆ ತೂಗಿದರೆ ಅಂದ, ಮುದುಕಿಯ ಕಾಲು ಕಾಯ್ದರೆ ಅಸಹ್ಯ. ಒಬ್ಬ ಹೆಂಗಸು ಬದುಕಿ ಉಳಿಯಲು ಇನ್ನೊಬ್ಬ ಹೆಂಗಸು ರಿಬ್ಬನ್ ಕಟ್ಟಿ ತಮಾಷೆ ಮಾಡಬೇಕೆ? ಕೇಳಿದರೆ ಸಿಗಬೇಕಾದದ್ದನ್ನು ಜಾಣತನದಿಂದ ಕದಿಯಬೇಕೆ?

ವಿಲ್ಡಾ ಸಿಟ್ಟಾಗುವುದಿಲ್ಲ, ಅಥವಾ ಸಿಟ್ಟನ್ನು ಕೈಗೆ ಇಳಿಸಿಕೊಂಡಿದ್ದಾರೆ. ಬಿಳಿ ಹಲಗೆ ಯಾರಾದರೂ ದಾನ ಕೊಟ್ಟರೆ ಹಾಕಿಸಬಹುದಲ್ಲ ಎಂದು ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. ಈ ಹಳೆಯ ಫರ್ನೇಸುಗಳು ಉರಿಯಲು ಗಾಳಿ ಎಳೆದುಕೊಳ್ಳುವುದು ನೆಲದಡಿಯಿಂದ. ತಿಳಿಯದವನು ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಮುಚ್ಚಿದರೆ ಮನೆಯೊಳಗೆ ಹೊಗೆ ತುಂಬುತ್ತದೆ. "ಕೊಂಬೆ ಗಾಳೀನ ತಡಿಯುತ್ತೆ, ಆದ್ರೆ ಉಸಿರು ಕಟ್ಸಲ್ಲ. ಇಷ್ಟು ವಿಷ್ಯ ಗೊತ್ತಿಲ್ದೋರು ನಮ್ಗೆ ಮನೆ ಹೆಂಗಿಟ್ಕೋಬೇಕು ಅಂತ ಹೇಳ್ಕೊಡ್ತಾರೆ."

ಏಳೂವರೆಗೆ ಎರಡನೇ ವರಸೆ ಮುಗಿಯುತ್ತದೆ. ವಿಲ್ಡಾ ಕೈಗವಸಿಗೆ ಅಂಟಿದ ಮರದ ಮೇಣ ಒರೆಸಿಕೊಂಡು, ಪಿಕಪ್ಪಿನ ಸೀಟಿನ ಮೇಲಿದ್ದ ಲಕೋಟೆಯನ್ನು ನನಗೆ ಕೊಡುತ್ತಾರೆ. ಕಂಪನಿಯಿಂದ ನಿನ್ನೆ ಬಂದದ್ದು. ಹಬ್ಬದ ಅಲಂಕಾರಗಳನ್ನೆಲ್ಲ ಜನವರಿ ಆರರೊಳಗೆ ತೆಗೆಯತಕ್ಕದ್ದು. ಈ ಕರಾವಳಿಯಲ್ಲಿ ನಿಜವಾದ ಚಳಿ ಕಣ್ಣು ಬಿಡುವುದೇ ಜನವರಿ ಆರರ ನಂತರ ಎಂಬುದು ಇಲ್ಲಿಯ ಕೂಸಿಗೂ ಗೊತ್ತು.

ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ವಿಲ್ಡಾ ಹಾರ್ಲನ್ ಕೊಟ್ಟ ಕಾಫಿಯ ಕೊನೆಯ ಗುಟುಕು ಕುಡಿದು, ಲೋಟವನ್ನು ಕಿಟಕಿಯ ಅಂಚಿಗೆ ಇಡುತ್ತಾರೆ.

"ನಾನೇನೂ ಜಗಳ ಆಡಲ್ಲ ಸಾರ್. ಆರನೇ ತಾರೀಕು ರಜಾ ಹಾಕಿ ಇಲ್ಲೇ ಇರ್ತೀನಿ. ಕಾಗದ ಬರೆದೋರು ಬರ್ಲಿ. ಒಳಗ್ ಬಂದು, ಬೂಟು ಬಿಚ್ಚಿ, ಕಾಲುಚೀಲಾನೂ ಬಿಚ್ಚಿ, ಇನೆಜ್ ಮಂಚದ ಪಕ್ಕ ನೆಲದ ಮೇಲೆ ಐದು ನಿಮಿಷ ನಿಂತ್ಕೊಳ್ಲಿ. ಆಮೇಲೆ ನನ್ನ ಮುಖ ನೋಡ್ಕೊಂಡು ತೆಗಿ ಅನ್ಲಿ. ನಾನೇ ಹೊರಗ್ ಹೋಗಿ ತೆಗೀತೀನಿ."