ಇಂಗ್ಲೆಂಡಿನ ಜ್ವರ, ಶಿಗ್ಗಾವಿಯ ಬಾಗಿಲು

ಜ್ವರಕ್ಕೊಂದು ಮರ್ಯಾದೆ ಸಿಗಬೇಕಾದರೆ ಅದಕ್ಕೆ ಸೂಜಿ ಬೀಳಲೇಬೇಕು ಎಂಬುದು ಹಿರೇಬೆಂಡಿಗೇರಿಯ ನಮ್ಮ ಮನೆಯ ಅಲಿಖಿತ ಸಂವಿಧಾನ. ಗುಳಿಗೆ ನುಂಗಿ ವಾಸಿಯಾದ ಜ್ವರವನ್ನು ಅಪ್ಪ ಜ್ವರವೆಂದೇ ಒಪ್ಪುವುದಿಲ್ಲ. ಸಲಾಯಿನ್ ಬಾಟಲಿ ತಲೆಯ ಮೇಲೆ ತೂಗಾಡಿದರೆ ಮಾತ್ರ ಕಾಯಿಲೆಗೊಂದು ತೂಕ. ಇಂಥ ಮನೆಯಲ್ಲಿ ಹುಟ್ಟಿದ ನಾನು ಸಾರ್ವಜನಿಕ ಆರೋಗ್ಯ ಎಂಬ ವಿಷಯವನ್ನು ಓದಲು ಹೊರಟಿದ್ದೇ ಒಂದು ತಮಾಷೆ. ಆ ಓದಿನ ಭಾಗವೆಂದು ಕಾಲೇಜಿನವರು ನಮ್ಮಲ್ಲಿ ಕೆಲವರನ್ನು ಇಂಗ್ಲೆಂಡಿನ ವೈದ್ಯ ವ್ಯವಸ್ಥೆಯನ್ನು ನೋಡಿಬರಲು ಕಳಿಸಿದ್ದು ಅದಕ್ಕಿಂತ ದೊಡ್ಡ ತಮಾಷೆ.

ನೋಡಲು ಹೋದವಳು ಅದರೊಳಗೇ ಬಿದ್ದೆ. ಅಲ್ಲಿನ ಚಳಿ ನನ್ನನ್ನು ಹುಡುಕಿಕೊಂಡು ಬಂದು ಎದೆಯಲ್ಲಿ ಬಿಡಾರ ಹೂಡಿತು; ಕೆಮ್ಮು, ಮೈ ಬಿಸಿ. ದವಾಖಾನೆಗೆ ಫೋನ್ ಮಾಡಿದರೆ ನನ್ನ ಕರೆ ತಮಗೆ ಬಹಳ ಮುಖ್ಯವೆಂದು ಒಂದು ಯಂತ್ರ ಪದೇ ಪದೇ ಹೇಳಿತು. ನಡುನಡುವೆ ಪಿಟೀಲು. ಕಡೆಗೆ ಒಬ್ಬ ಹೆಣ್ಣುಮಗಳು ಬಹಳ ಸವಿಯಾಗಿ ಮುಂದಿನ ವಾರ ಬರಲು ಹೇಳಿದಳು. ಅಷ್ಟರೊಳಗೆ ಜ್ವರವಾದರೂ ಹೋಗುತ್ತದೆ, ಇಲ್ಲವೇ ನಾನಾದರೂ ಹೋಗುತ್ತೇನೆ. ಎರಡರಲ್ಲಿ ಯಾವುದು ನಡೆದರೂ ಅವರ ಸಾಲು ಒಂದಿಷ್ಟು ಹಗುರಾಗುತ್ತದೆ ಎಂದುಕೊಂಡೆ.

ಮುಂದಿನ ವಾರ ನನ್ನನ್ನು ಕರೆಯಲು ಡಾಕ್ಟರಮ್ಮ ತಾವೇ ಕೋಣೆಯಿಂದ ಎದ್ದು ಬಂದರು. ಒಳಗೆ ಕೂರಿಸಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ನಿಧಾನವಾಗಿ ಕೇಳಿಸಿಕೊಂಡು, ಇದಕ್ಕೆ ಔಷಧಿ ಬೇಡ, ನೀರು ಕುಡಿ, ಮಲಗು ಎಂದರು. ನಾನು ಅಳುವುದೊಂದು ಬಾಕಿ. ಅಷ್ಟರಲ್ಲಿ ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, "ಇನ್ನೇನಾದರೂ ಇದೆಯೇ? ಮನಸ್ಸಿಗೆ ಕೊರೆಯುವಂಥದ್ದು?" ಎಂದು ಕೇಳಿದರು. ಬಾಗಿಲು ಮುಚ್ಚಿತ್ತು. ಹೊರಗಿನ ಒಂದು ಕೆಮ್ಮೂ ಒಳಗೆ ಕೇಳುತ್ತಿರಲಿಲ್ಲ.

ಗೆಳೆಯರೇ, ಮುಚ್ಚಿದ ಬಾಗಿಲು ಎಂದರೇನೆಂದು ನಿಮಗೆ ಗೊತ್ತಾಗಬೇಕಾದರೆ ಶಿಗ್ಗಾವಿಯಲ್ಲಿ ನಾವು ತೋರಿಸಿಕೊಳ್ಳುವ ದವಾಖಾನೆಗೆ ಒಮ್ಮೆ ಬರಬೇಕು. ಅಲ್ಲಿ ಡಾಕ್ಟರ ಮೇಜಿಗೆ ತಾಗಿಯೇ ಬೆಂಚು. ಒಬ್ಬರ ನಾಡಿ ಹಿಡಿದಾಗ ಉಳಿದವರೆಲ್ಲ ಉಸಿರು ಹಿಡಿಯುತ್ತಾರೆ. ಹಿಂದೊಮ್ಮೆ ನನ್ನ ಹೊಟ್ಟೆನೋವಿಗೆ ಪಥ್ಯ ಹೇಳಿದ್ದು ಡಾಕ್ಟರಲ್ಲ, ಪಕ್ಕದಲ್ಲಿ ಕುಳಿತಿದ್ದ ಮೆಣಸಿನಕಾಯಿ ವ್ಯಾಪಾರಿ. ಅದರಲ್ಲೂ ಒಂದು ಸುಖವಿದೆ, ಇಲ್ಲವೆನ್ನಲಾರೆ. ಅಲ್ಲಿ ಯಾರೂ ಒಂಟಿಯಾಗಿ ಕಾಯಿಲೆ ಬೀಳುವುದಿಲ್ಲ, ಊರೆಲ್ಲ ಸೇರಿ ಬೀಳುತ್ತದೆ. ಆದರೆ ಊರಿನೆದುರು ಹೇಳಬಹುದಾದ ಕಾಯಿಲೆಗಳು ಕೆಲವು ಮಾತ್ರ.

ನನ್ನ ಎದೆಯಲ್ಲೊಂದು ಗಂಟಿತ್ತು. ಕಡಲೆಕಾಳಿನಷ್ಟು. ಬಹಳ ದಿನಗಳಿಂದ ಸ್ನಾನ ಮಾಡುವಾಗೆಲ್ಲ ಬೆರಳು ಅಲ್ಲಿಗೇ ಹೋಗುತ್ತಿತ್ತು. ಹೋಗಿ, ಹೆದರಿ, ಹಿಂದೆ ಬರುತ್ತಿತ್ತು. ಆ ಪರದೇಶಿ ಕೋಣೆಯಲ್ಲಿ ಅದು ಬಾಯಿಗೆ ಬಂತು. ಡಾಕ್ಟರಮ್ಮ ಒಬ್ಬ ನರ್ಸನ್ನು ಜೊತೆಗೆ ಕರೆದು ಪರೀಕ್ಷಿಸಿ, ದೊಡ್ಡ ಆಸ್ಪತ್ರೆಗೆ ಸ್ಕ್ಯಾನಿಗೆ ಕಳಿಸಿದರು. ಆ ನಡುವಿನ ದಿನಗಳಲ್ಲಿ ನಾನು ಯಾವ ವ್ಯವಸ್ಥೆಯನ್ನೂ ಅಧ್ಯಯನ ಮಾಡಲಿಲ್ಲ. ಕಿಟಕಿಯಾಚೆಯ ಮೋಡವನ್ನು ನೋಡುತ್ತ ಕುಳಿತೆ. ಕಡೆಗೆ ಅದು ನಿರುಪದ್ರವಿ ಗಂಟು, ಸುಮ್ಮನೆ ಬಿಟ್ಟರೂ ನಡೆದೀತು ಎಂದಾಯಿತು. ಅಂದು ಹಗಲುಹೊತ್ತಿನಲ್ಲಿ, ಬೀದಿಯಲ್ಲಿ, ನಾನು ಒಬ್ಬಳೇ ನಕ್ಕೆ.

ಅಪ್ಪನಿಗೆ ಫೋನಿನಲ್ಲಿ ಹೇಳಿದ್ದು ಜ್ವರದ ಕಥೆಯಷ್ಟೇ.

"ಸೂಜಿ ಮಾಡಿದ್ರೇನವಾ?"

"ಇಲ್ಲಪ್ಪ. ನೀರು ಕುಡದು ಮಲಕ್ಕೋ ಅಂದ್ರು."

"ಅಷ್ಟ ಹೇಳಾಕ ಡಾಕ್ಟರಕಿ ಕಲೀಬೇಕೇನು? ಅದನ್ನ ನಾ ಇಲ್ಲಿಂದನ ಹೇಳ್ತಿದ್ನೆಲ್ಲ!"

ಊರಿಗೆ ಬಂದ ಮೇಲೆ ಗಂಟಿನ ಸಂಗತಿಯನ್ನು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಇಂಗ್ಲೆಂಡಿನ ಯಂತ್ರಗಳು, ಔಷಧಿಗಳು ಯಾವುದನ್ನೂ ಕೇಳಲಿಲ್ಲ.

"ಆ ಡಾಕ್ಟರ್ ಬಾಯಾರು ಬಾಗಿಲಾ ಹಾಕಿದ್ರೇನ?"

"ಹಾಕಿದ್ರು."

"ಒಳಗ ಬ್ಯಾರೆ ಪೇಶಂಟ್ ಯಾರೂ ಇದ್ದಿದ್ದಿಲ್ಲೇನ?"

"ಯಾರೂ ಇದ್ದಿದ್ದಿಲ್ಲ."

ತವೆಯ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. ಅವ್ವ ಅದನ್ನು ತಿರುವಿ ಹಾಕಲೂ ಇಲ್ಲ. "ನಾಳೆ ಶಿಗ್ಗಾವಿಗೆ ಹೋಗೂಣು" ಎಂದಳು.

ಮರುದಿನ ದವಾಖಾನೆಯಲ್ಲಿ ಎಂದಿನಂತೆ ಬೆಂಚು ತುಂಬಿತ್ತು. ಸರದಿ ಬಂದಾಗ ಅವ್ವ ಕೂರಲಿಲ್ಲ. ಸೆರಗನ್ನು ಬಿಗಿಮಾಡಿ, ಬೆಂಚಿನ ಕಡೆ ತಿರುಗಿ, "ಎಲ್ಲಾರೂ ಒಂದೀಟು ಹೊರಗ ಕುಂತ್ಕೋರಿ. ನಾ ಡಾಕ್ಟರ ಜೋಡಿ ಮಾತಾಡೂದೈತಿ" ಎಂದಳು. ಡಾಕ್ಟರು ತಲೆಯೆತ್ತಿ ನೋಡಿ, ಏನನ್ನಿಸಿತೋ, ಪೆನ್ನು ಕೆಳಗಿಟ್ಟರು. ಜನ ಗೊಣಗುತ್ತ ಎದ್ದರು. ಬಿ.ಪಿ. ನೋಡಿಸಿಕೊಳ್ಳುತ್ತಿದ್ದ ಅಜ್ಜನೊಬ್ಬ ತೋಳಿನ ಪಟ್ಟಿಯ ಸಮೇತ ಹೊರಗೆ ಬಂದ. ನಾನು ಮಾತ್ರ ಹಕ್ಕಿನಿಂದ ಕುರ್ಚಿ ಎಳೆದುಕೊಂಡೆ; ವಿಷಯತಜ್ಞೆಯಲ್ಲವೇ!

"ನೀನೂ ನಡಿ ಹೊರಗ" ಎಂದಳು ಅವ್ವ. "ಆ ಬಾಗಲಕ್ಕ ಚಿಲಕ ಇಲ್ಲ. ಹೊರಗಿಂದ ಹಿಡ್ಕೊ."

ಹೀಗೆ, ವಿದೇಶದ ವ್ಯವಸ್ಥೆಯನ್ನು ಅರೆದು ಕುಡಿದು ಬಂದ ನಾನು ಶಿಗ್ಗಾವಿಯಲ್ಲಿ ಬಾಗಿಲಿನ ಹಿಡಿಕೆಯಾಗಿ ನಿಂತೆ. ಗಾಳಿಗೆ ಅದು ತೆರೆಯುತ್ತಿತ್ತು, ನಾನು ಎಳೆಯುತ್ತಿದ್ದೆ. "ಎಷ್ಟೊತ್ತವಾ, ನಿಮ್ಮವ್ವ ಒಳಗ ಪುರಾಣ ಹಚ್ಯಾಳೇನು?" ಎಂದು ಅಜ್ಜ ಪಟ್ಟಿಯ ತೋಳನ್ನು ಎತ್ತಿ ತೋರಿಸಿದ. ನನಗೂ ಒಳಗಿನದು ಒಂದಕ್ಷರ ಕೇಳಲಿಲ್ಲ. ಕೇಳಬಾರದೆಂದೇ ಅಲ್ಲಿ ನಿಂತಿದ್ದೇನೆ ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನನಗೊಂದು ಕೋಣೆ ಬೇಕಿದ್ದಂತೆ ಅವಳಿಗೂ ಬೇಕಿತ್ತು. ಅವಳು ಕಾದದ್ದು ಮಾತ್ರ ನನಗಿಂತ ಎಷ್ಟೋ ಹೆಚ್ಚು.

ಹೊರಗೆ ಬಂದ ಅವ್ವ ಸೀದಾ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಸ್ಸಿನಲ್ಲಿ ಅವಳ ಪಕ್ಕ ಹುಲಗೂರಿನ ಹೆಣ್ಣುಮಗಳೊಬ್ಬಳು ಕುಳಿತಳು. ಆಗಲೇ ದವಾಖಾನೆಯ ಬೆಂಚಿನಿಂದ ಎದ್ದು ಹೊರಗೆ ಬಂದವರಲ್ಲಿ ಅವಳೂ ಒಬ್ಬಳು. ನಾನು ಹಿಂದಿನ ಸೀಟು. ಬಸ್ಸು ಊರು ದಾಟುವ ಮೊದಲೇ, ಮಗಳಿಗೆ ಹೇಳದಿದ್ದನ್ನು ಅವ್ವ ಆ ಅಪರಿಚಿತೆಗೆ ಹೇಳಿದಳು: "ಗರ್ಭಚೀಲ ಜಾರೇತಂತ್ರಿ. ಈಕಿ ಹುಟ್ಟಿದಾಗಿಂದ ಹಂಗ ಇಟ್ಕೊಂಡು ಕುಂತಿದ್ದೆ. ಹುಬ್ಬಳ್ಳಿಯಾಗ ಆಪರೇಶನ್ ಮಾಡಿದ್ರ ಆರಾಮಾಗತೈತಿ ಅಂದ್ರು."

ಆಪರೇಶನ್ನೂ ಆಯಿತು, ಅವ್ವ ಈಗ ಆರಾಮವಾಗಿದ್ದಾಳೆ. ಆದರೆ ನನಗೆ ನೆನಪಿರುವುದು ಆ ಬಸ್ಸು. ಹುಲಗೂರಿನವಳು ಕಿಟಕಿಯ ಸರಳನ್ನು ಬಿಟ್ಟು ಅವ್ವನ ಕಡೆ ವಾಲಿದಳು. ತಗ್ಗಿದ ದನಿಯಲ್ಲಿ, "ನಂದೂ ಅದ ತ್ರಾಸ ರೀ ಅಕ್ಕಾರ. ಇವತ್ತೂ ತಲಿನೋವು ಅಂತ ಹೇಳಿ ಗುಳಿಗಿ ಇಸ್ಕೊಂಡು ಬಂದೆ" ಎಂದಳು.

ಅವ್ವ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಬುಧವಾರ ಚೀಟಿ ಬರಸ್ಕೊಳ್ಳಾಕ ನಾ ಮತ್ತ ದವಾಖಾನಿಗೆ ಬರ್ತೇನಿ. ನೀವೂ ಬರ್ರಿ. ಒಳಗ ಹೋಗಿ ಬಾಯಿಬಿಟ್ಟು ಹೇಳ್ರಿ. ಬಾಗಿಲಾ ನಾ ಹಿಡೀತೇನಿ."